ಓದು ಮುಗಿದ್ಮೇಲೆ ಹೊಸದು ಕಲಿಯೋದು ಹೇಗೆ? ನೋಡಿದ್ದು ಯಾವ್ದೂ ತಲೇಲಿ ನಿಲ್ತಿಲ್ಲ

ಬೆಳ್ಳಿಚುಕ್ಕಿ:
ಓದು ಮುಗಿಸಿ ಆರು ವರ್ಷ ಆಯ್ತು, ಕೆಲಸದಲ್ಲಿ ದಿನಾ ಅದೇ ಫೈಲು ಅದೇ ಮೇಲು, ತಲೆಗೆ ತುಕ್ಕು ಹಿಡೀತಿದ್ಯೇನೋ ಅಂತ ಭಯ ಆಗ್ತಿದೆ. ಹಾಗಂತ ಸುಮ್ನೆ ಕೂತಿಲ್ಲ, ರಾತ್ರಿ ಒಂದು ಗಂಟೆ ವಿಜ್ಞಾನ, ಇತಿಹಾಸದ ವಿಡಿಯೋ ನೋಡ್ತೀನಿ, ನೋಡುವಾಗ ಎಲ್ಲಾ ಅರ್ಥ ಆಗುತ್ತೆ. ಮೊನ್ನೆ ಅಕ್ಕನ ಮಗ ಬಂದು ಚಂದ್ರ ಯಾಕೆ ದಿನಾ ಒಂದೊಂದು ಥರ ಕಾಣ್ತಾನೆ ಅಂತ ಕೇಳ್ದ. ಅದರ ವಿಡಿಯೋ ನೋಡಿ ವಾರನೂ ಆಗಿರ್ಲಿಲ್ಲ, ಆದ್ರೂ ಭೂಮಿ ನೆರಳು ಬೀಳುತ್ತೆ ಅಂದ್ಬಿಟ್ಟೆ. ಅದು ಗ್ರಹಣದ ಉತ್ತರ ಅಂತ ರಾತ್ರಿ ಮಲಗಿದ್ಮೇಲೆ ಹೊಳೀತು, ತುಂಬಾ ಬೇಜಾರಾಯ್ತು. ಪರೀಕ್ಷೆ, ಮೇಷ್ಟ್ರು ಯಾರೂ ಇಲ್ದೆ ನೀವೆಲ್ಲ ಹೇಗೆ ಕಲೀತೀರಾ? ಪಜಲ್ ಆ್ಯಪ್ ಹಾಕ್ಕೊಂಡ್ರೆ ಮೆದುಳು ಚುರುಕಾಗುತ್ತಾ?

ಹಳೇಪೆನ್ಸಿಲ್:
ನಿಮ್ಮ ನೆನಪಿನ ಶಕ್ತೀಲಿ ಏನೂ ತೊಂದ್ರೆ ಇಲ್ಲ, ನೋಡೋದು ಬೇರೆ ಕಲಿಯೋದು ಬೇರೆ ಅಷ್ಟೆ. 2006ರಲ್ಲಿ ರೋಡಿಗರ್, ಕಾರ್ಪಿಕಿ ಅನ್ನೋ ಇಬ್ರು ಮನೋವಿಜ್ಞಾನಿಗಳು ಒಂದು ಪ್ರಯೋಗ ಮಾಡಿದ್ರು. ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟು, ಕೆಲವರಿಗೆ ಮತ್ತೆ ಓದಿ ಅಂದ್ರು, ಉಳಿದವರಿಗೆ ಪಾಠ ನೋಡದೆ ನೆನಪಿರೋದನ್ನ ಬರೀರಿ ಅಂದ್ರು. ಐದು ನಿಮಿಷ ಬಿಟ್ಟು ಕೇಳಿದ್ರೆ ಮತ್ತೆ ಓದಿದವರೇ ಮುಂದೆ, ಆದ್ರೆ ಒಂದು ವಾರ ಬಿಟ್ಟು ಕೇಳಿದಾಗ ಬರೆದವರಿಗೆ ಜಾಸ್ತಿ ನೆನಪಿತ್ತು. ಹಾಗಾಗಿ ವಿಡಿಯೋ ಮುಗಿದ ತಕ್ಷಣ ಫೋನು ಮಗುಚಿ ಇಟ್ಟು ಅರ್ಧ ಪುಟ ಬರೀರಿ, ಎಲ್ಲಿ ಪೆನ್ನು ನಿಲ್ಲುತ್ತೋ ಅಲ್ಲಿ ನಿಮಗೆ ಅರ್ಥ ಆಗಿಲ್ಲ ಅಂತ ಲೆಕ್ಕ. ಮಾರನೇ ದಿನ ಒಂದ್ಸಲ, ವಾರಕ್ಕೊಂದ್ಸಲ ಅದನ್ನೇ ಮತ್ತೆ ನೆನಪು ಮಾಡ್ಕೊಳಿ.

ವಿಜ್ಞಾನಿ ಮೈಕೆಲ್ ಫ್ಯಾರಡೆ ಕೂಡ ಹೀಗೇ ಅಲ್ವಾ, ಶಾಲೆ ಓದು ಕಮ್ಮಿ, 14ನೇ ವಯಸ್ಸಿಗೇ ಪುಸ್ತಕ ಬೈಂಡಿಂಗ್ ಕೆಲಸಕ್ಕೆ ಸೇರಿದ ಹುಡುಗ, ಬೈಂಡಿಂಗಿಗೆ ಬಂದ ಪುಸ್ತಕಾನೇ ಓದ್ತಿದ್ದ. 1812ರಲ್ಲಿ ರಸಾಯನ ವಿಜ್ಞಾನಿ ಹಂಫ್ರಿ ಡೇವಿ ಉಪನ್ಯಾಸ ಕೇಳಿ ಬಂದು, ನೋಟ್ಸನ್ನ ಬಿಡಿಸಿ ಬರೆದು ಚಿತ್ರ ಹಾಕಿ ತಾನೇ ಬೈಂಡ್ ಮಾಡಿ ಡೇವಿಗೇ ಕಳಿಸ್ದ, ಮರುವರ್ಷ ಡೇವಿ ಹತ್ರಾನೇ ಸಹಾಯಕನ ಕೆಲಸ ಸಿಕ್ತು. ಆ ಬಿಡಿಸಿ ಬರೆಯೋದು ಇದ್ಯಲ್ಲ, ನನ್ನ ಪ್ರಕಾರ ಅದೇ ಅವನ ಕಾಲೇಜು.

ಗಾಳಿಪಟ7:
ಪಜಲ್ ಆ್ಯಪ್ ಆಡಿದ್ರೆ ಆ ಪಜಲಲ್ಲೇ ಚುರುಕಾಗ್ತೀರಾ, ಬೇರೆ ಕೆಲಸಕ್ಕೆ ಅದು ಅಷ್ಟಾಗಿ ಹರಿದು ಬರಲ್ಲ. ಖುಷಿಗೆ ಆಡಿ, ತಪ್ಪಿಲ್ಲ.

ನಾನು ಮಾಡೋದು ಹೇಳ್ತೀನಿ. ಹೋದ ವರ್ಷ 10x50 ಬೈನಾಕ್ಯುಲರ್ ಸಿಕ್ತು, ಕೈಲಿ ಹಿಡಿದ್ರೆ ನಡುಗುತ್ತೆ ಅಂತ ಗೋಡೆಗೆ ಒರಗಿಸಿಟ್ಟು ಗುರುಗ್ರಹ ನೋಡ್ದೆ, ಪಕ್ಕದಲ್ಲಿ ಸಾಲಾಗಿ ನಾಲ್ಕು ಚುಕ್ಕಿ. ನೋಟ್ ಬುಕ್ಕಲ್ಲಿ ಒಂದು ಸೊನ್ನೆ ಬರೆದು ಆಚೆ ಈಚೆ ಚುಕ್ಕಿ ಇಟ್ಟೆ. ಮಾರನೇ ದಿನ ಚುಕ್ಕಿ ಜಾಗ ಬದಲಾಗಿತ್ತು, ಮೂರನೇ ದಿನ ಒಂದು ಕಾಣಿಸ್ಲೇ ಇಲ್ಲ. ಎಲ್ಲಿ ಹೋಯ್ತು ಅಂತ ಹುಡುಕ್ತಾ ಹೋದ್ರೆ, ಆ ಚುಕ್ಕಿಗಳು ಗುರುವನ್ನ ಸುತ್ತೋ ಚಂದ್ರಗಳು, ಸುತ್ತುವಾಗ ಗುರುವಿನ ಹಿಂದೆ ಮುಂದೆ ಹೋದ್ರೆ ಕಾಣಲ್ಲ, ನಾಲ್ಕರಲ್ಲಿ ಒಳಗಿನ ಚಂದ್ರ ಅಯೋ ಒಂದು ಸುತ್ತಿಗೆ ತಗೊಳೋದು ಬರೀ ಸುಮಾರು 42 ಗಂಟೆ ಅಂತ ಗೊತ್ತಾಯ್ತು. 1610ರ ಜನವರೀಲಿ ಗೆಲಿಲಿಯೋ ಇದೇ ಚುಕ್ಕಿಗಳನ್ನ ಬರ್ಕೊಂಡಿದ್ದು. ಒಂದು ವರ್ಷ ಆಯ್ತು, ಒಂದು ಅಂಕಿನೂ ಮರೆತಿಲ್ಲ, ಯಾಕಂದ್ರೆ ಪ್ರಶ್ನೆ ನನ್ನದೇ ಆಗಿತ್ತು.

ನಿಮ್ಮ ಅಕ್ಕನ ಮಗನಿಗೆ ಬಾಯಲ್ಲಿ ಹೇಳ್ಬೇಡಿ. ಕತ್ತಲೆ ರೂಮಲ್ಲಿ ಒಂದೇ ಬಲ್ಬ್ ಹಾಕಿ, ಕೈಗೊಂದು ಬಿಳಿ ಚೆಂಡು ಕೊಟ್ಟು ಕೈ ಚಾಚಿ ನಿಂತಲ್ಲೇ ತಿರುಗು ಅನ್ನಿ. ತಲೆ ಭೂಮಿ, ಬಲ್ಬು ಸೂರ್ಯ, ಚೆಂಡು ಚಂದ್ರ.

ಬೆಳ್ಳಿಚುಕ್ಕಿ:
ಥ್ಯಾಂಕ್ಸ್ ಇಬ್ರಿಗೂ. ಭಾನುವಾರ ಮಾಡಿದ್ವಿ. ಬಲ್ಬ್ ಕಡೆಗೆ ಹಿಡಿದಾಗ ಚೆಂಡು ಪೂರ್ತಿ ಕಪ್ಪು, ಸ್ವಲ್ಪ ತಿರುಗಿದ ತಕ್ಷಣ ಅಂಚಲ್ಲಿ ಸಣ್ಣ ಬೆಳ್ಳನೆ ಗೆರೆ, ಬಿದಿಗೆ ಚಂದ್ರನ ಥರಾನೇ, ಅವನು ಕಿರುಚಿದ್ದೇ ಕಿರುಚಿದ್ದು. ಪೂರ್ತಿ ಹಿಂದೆ ತಿರುಗಿದಾಗ ಮಾತ್ರ ಅವನ ತಲೆ ನೆರಳೇ ಚೆಂಡನ್ನ ಮುಚ್ತು. ಹಾಗಾದ್ರೆ ಪ್ರತಿ ಹುಣ್ಣಿಮೇಲೂ ಗ್ರಹಣ ಆಗ್ಬೇಕಲ್ವಾ ಅಂದ! ನಾನು ಫೋನ್ ತೆಗೀಲಿಲ್ಲ, ಇಬ್ರೂ ಹತ್ತು ನಿಮಿಷ ಯೋಚನೆ ಮಾಡಿದ್ವಿ, ಆಮೇಲೆ ಅವನೇ ಚೆಂಡನ್ನ ಒಂಚೂರು ಮೇಲೆ ಎತ್ತಿ ಹಿಡ್ದ, ನೆರಳು ಚೆಂಡಿನ ಕೆಳಗಿಂದ ಹೋಯ್ತು, ಚೆಂಡು ಪೂರ್ತಿ ಬೆಳಗ್ತು. ಚಂದ್ರನ ದಾರಿ ಭೂಮಿ ದಾರಿಗೆ ಸುಮಾರು 5 ಡಿಗ್ರಿ ಓರೆ ಇದೆ ಅಂತ ಆಮೇಲೆ ಓದ್ಕೊಂಡೆ, ಫೋನ್ ಮಗುಚಿಟ್ಟು ಅರ್ಧ ಪುಟ ಬರೆದೂ ಆಯ್ತು.