ಹೊನ್ನಾಳಿಯಿಂದ ಹರಿಹರಕ್ಕೆ ಕಯಾಕ್‌ನಲ್ಲಿ ಒಂದೇ ದಿನದಲ್ಲಿ ಬರಬಹುದಾ?

ವಿದ್ಯಾನಗರದ ಹುಡುಗ:
ನಾವು ನಾಲ್ಕು ಜನ, ದಾವಣಗೆರೆಯವರು. ಗಾಳಿ ತುಂಬುವ ಎರಡು ಕಯಾಕ್ ತೆಗೆದುಕೊಂಡಿದ್ದೇವೆ, ಒಂದೊಂದರಲ್ಲಿ ಇಬ್ಬರು ಕೂರಬಹುದು. ನಮ್ಮಲ್ಲಿ ಇಬ್ಬರಿಗೆ ಈಜು ಬರುವುದಿಲ್ಲ. ಡಿಸೆಂಬರ್‌ನಲ್ಲಿ ಒಂದು ಭಾನುವಾರ ಬೆಳಗ್ಗೆ ಹೊನ್ನಾಳಿಯಲ್ಲಿ ತುಂಗಭದ್ರೆಗೆ ಇಳಿದು, ಸಂಜೆ ಹರಿಹರೇಶ್ವರ ದೇವಸ್ಥಾನದ ಹತ್ತಿರ ದಡ ಸೇರಬೇಕು ಅಂತ ಯೋಚನೆ. ಬಂಡೆ, ರಭಸ, ಸಾಹಸ ಏನೂ ಬೇಡ. ಸುಮ್ನೆ ಹುಟ್ಟು ಹಾಕುತ್ತಾ, ಹಕ್ಕಿ ನೋಡುತ್ತಾ ಬರಬೇಕು. ಆಗುತ್ತಾ?

ಹೊಳೆದಂಡೆ:
ಆಗುವುದಿಲ್ಲ. ರಸ್ತೆಯಲ್ಲೇ ಹತ್ತಿರ ಹತ್ತಿರ 40 ಕಿಲೋಮೀಟರ್ ಇದೆ. ಹೊಳೆ ರಸ್ತೆಯ ಹಾಗೆ ಹೋಗುವುದಿಲ್ಲ, ತಿರುವು ಸೇರಿಸಿದರೆ ಇನ್ನೂ ಜಾಸ್ತಿ. ಡಿಸೆಂಬರ್ ನೀರಿನಲ್ಲಿ ಸೆಳೆತ ಕಡಿಮೆ, ಹೊಸಬರು ಗಾಳಿ ತುಂಬಿದ ದೋಣಿಯಲ್ಲಿ ಗಂಟೆಗೆ 3 ಕಿಲೋಮೀಟರ್ ಹೋದರೆ ಹೆಚ್ಚು. ಊಟ, ಫೋಟೋ, ಕೈನೋವು ಅಂತ ನಿಲ್ಲುವುದು ಬೇರೆ. ಆರೂಕಾಲಿಗೆಲ್ಲಾ ಕತ್ತಲು. ಮೊದಲ ಸಲಕ್ಕೆ 8–10 ಕಿಲೋಮೀಟರ್ ಸಾಕು.

ಹಿಂದಿನ ದಿನವೇ ಹೋಗಿ ದಡ ಹತ್ತುವ ಜಾಗ ನೋಡಿಕೊಂಡು ಬನ್ನಿ. ಮ್ಯಾಪ್‌ನಲ್ಲಿ ದಡ ಕಂಡ ಕಡೆಯೆಲ್ಲಾ ದಾರಿ ಇರುವುದಿಲ್ಲ, ತೋಟ ಇರುತ್ತದೆ, ಗದ್ದೆ ಇರುತ್ತದೆ, ಬೇಲಿ ಇರುತ್ತದೆ. ಹತ್ತುವ ಕಡೆ ಒಂದು ಗಾಡಿ ಬಿಟ್ಟು, ಇನ್ನೊಂದರಲ್ಲಿ ಇಳಿಯುವ ಕಡೆಗೆ ಬನ್ನಿ. ದಡದ ಉದ್ದಕ್ಕೂ ಪಂಪ್‌ಸೆಟ್ ಪೈಪು, ವೈರು, ಮೀನಿನ ಬಲೆ ನೋಡಿಕೊಳ್ಳಿ. ಮರಳು ತೆಗೆದ ಗುಂಡಿಗಳಿವೆ. ಮೊಣಕಾಲು ನೀರು ಅಂತ ದೋಣಿಯಿಂದ ಇಳಿದರೆ ಮುಂದಿನ ಹೆಜ್ಜೆಗೆ ತಲೆ ಮುಳುಗುತ್ತದೆ. ಲೈಫ್ ಜಾಕೆಟ್ ನಾಲ್ವರೂ ಹಾಕಬೇಕು, ಈಜು ಬಂದವರೂ.

ಹರಿಹರ ಎಕ್ಸ್‌ಪ್ರೆಸ್:
‘ಈಜು ಬಂದವರೂ’ ಅಂತೆ! ನಾವು ಇದೇ ಹೊಳೆಯಲ್ಲಿ ಈಜು ಕಲಿತವರು ಸ್ವಾಮಿ. ಹಳೇ ಸೇತುವೆ ಕಂಬದಿಂದ ಹಾರುತ್ತಿದ್ದೆವು. ಯಾವ ಜಾಕೆಟ್ಟೂ ಇರಲಿಲ್ಲ. ಹೀಗೆ ಹೆದರಿಸಿದರೆ ಹುಡುಗರು ಮನೆಯಲ್ಲೇ ಕೂರುತ್ತಾರೆ.

ಚನ್ನಗಿರಿ ಗತ್ತು:
ಅಷ್ಟೆಲ್ಲಾ ತಲೆನೋವು ಯಾಕೆ ತಮ್ಮಾ? ಸೂಳೆಕೆರೆಗೆ ಬಾ. ಏಷ್ಯಾದಲ್ಲೇ ಎರಡನೇ ದೊಡ್ಡ ಕೆರೆ ಪಕ್ಕದಲ್ಲೇ ಇಟ್ಟುಕೊಂಡು ಮರಳು ಗುಂಡಿ ಹುಡುಕಿಕೊಂಡು ಯಾಕೆ ಹೋಗುತ್ತೀಯಾ? ಸೆಳೆತ ಇಲ್ಲ, ಎರಡು ಗಾಡಿ ಬೇಡ. ಇಳಿದ ಕಡೆಯೇ ಹತ್ತಬಹುದು. ಹೊಳೆಯೇ ಬೇಕು ಅಂದರೆ, ಸೂಳೆಕೆರೆಯಿಂದ ಹೊರಟ ಹರಿದ್ರಾ ನಿಮ್ಮ ಹರಿಹರದಲ್ಲೇ ತುಂಗಭದ್ರೆ ಸೇರುವುದು. ನೀರು ಅದೇ.

ಲೆಕ್ಕದ ಮೇಷ್ಟ್ರು:
‘ಏಷ್ಯಾದಲ್ಲೇ ಎರಡನೇ’ ಅಂತ ಅಳತೆ ಮಾಡಿದವರು ಯಾರು? ರಾಜಸ್ಥಾನದವರು ಜೈಸಮಂದ್ ಸರೋವರಕ್ಕೂ ಇದೇ ಬಿರುದು ಕೊಟ್ಟುಕೊಂಡಿದ್ದಾರೆ. ಎರಡನೇ ಸ್ಥಾನಕ್ಕೆ ಎಷ್ಟು ಜನ?

ಚನ್ನಗಿರಿ ಗತ್ತು:
ಚಿಕ್ಕಂದಿನಿಂದ ಶಾಲೆಯಲ್ಲಿ ಓದಿದ್ದು ಸುಳ್ಳಾ ಹಾಗಾದರೆ? ಪ್ರವಾಸೋದ್ಯಮದ ಬೋರ್ಡು ಸುಳ್ಳಾ? ಊರಿನ ಹೆಮ್ಮೆಯ ವಿಷಯ ಬಂದ ಕೂಡಲೇ ಕೆಲವರಿಗೆ ಹೊಟ್ಟೆ ಉರಿ ಶುರುವಾಗುತ್ತದೆ.

ಲೆಕ್ಕದ ಮೇಷ್ಟ್ರು:
ಹೊಟ್ಟೆ ಉರಿ ಅಲ್ಲ, ಭಾಗಾಕಾರ. ಸೂಳೆಕೆರೆ 6,550 ಎಕರೆ ಅಂತ ನೀವೇ ಹೇಳುತ್ತೀರಿ. ಒಂದು ಚದರ ಕಿಲೋಮೀಟರ್‌ಗೆ 247 ಎಕರೆ. ಭಾಗಿಸಿದರೆ 27 ಚದರ ಕಿಲೋಮೀಟರ್ ಕೂಡ ಪೂರ್ತಿ ಆಗುವುದಿಲ್ಲ. 17ನೇ ಶತಮಾನದ ಕೊನೆಗೆ ಕಟ್ಟಿದ ಜೈಸಮಂದ್ ಸುಮಾರು 87. ಮೂರು ಪಟ್ಟು. ಇಷ್ಟೂ ದೂರ ಯಾಕೆ, ನಮ್ಮದೇ ಲಿಂಗನಮಕ್ಕಿ ಹಿನ್ನೀರು 300 ಮೀರುತ್ತದೆ. ಕಯಾಕ್ ಕಲಿಯುವವರು ಸಾಗರದ ಹತ್ತಿರ ಹೊನ್ನೇಮರಡುವಿಗೆ ಹೋಗುವುದು ಅದೇ ಹಿನ್ನೀರಿಗೆ.

ಚನ್ನಗಿರಿ ಗತ್ತು:
ಲಿಂಗನಮಕ್ಕಿ ಡ್ಯಾಮು. ಇದು ಕೆರೆ. ಡ್ಯಾಮಿಗೂ ಕೆರೆಗೂ ವ್ಯತ್ಯಾಸ ಗೊತ್ತಿಲ್ಲದವರು ಲೆಕ್ಕ ಹೇಳಲು ಬರುತ್ತಾರೆ. ಎರಡು ಗುಡ್ಡದ ಮಧ್ಯೆ ಏರಿ ಹಾಕಿ ಶತಮಾನಗಳ ಹಿಂದೆ ಕಟ್ಟಿದ್ದು, ಸಿಮೆಂಟೂ ಇಲ್ಲ, ಜೆಸಿಬಿಯೂ ಇಲ್ಲ.

ಕೋಟೆನಾಡು:
ಎರಡು ಗುಡ್ಡದ ಮಧ್ಯೆ ಅಂದರೆ ಮಾರಿಕಣಿವೆ ನೆನಪಾಗಲಿಲ್ವಾ ಯಾರಿಗೂ? ಹಿರಿಯೂರಿಗೆ ಬನ್ನಿ. ವೇದಾವತಿಗೆ ಅಡ್ಡ ಕಟ್ಟಿದ ವಾಣಿವಿಲಾಸ ಸಾಗರ, 1907ರಲ್ಲಿ ಮುಗಿದದ್ದು. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ 2022ರಲ್ಲೇ ಮತ್ತೆ ಬಿದ್ದದ್ದು, 89 ವರ್ಷ ಆದ ಮೇಲೆ. ಈಗ ನೀರಿದೆ. ಈ ಅವಕಾಶ ಬಿಟ್ಟು ಹೊನ್ನಾಳಿ ಅಂತೆ.

ಹರಿಹರ ಎಕ್ಸ್‌ಪ್ರೆಸ್:
‘ಈಗ ನೀರಿದೆ’ ಅಂತ ದುರ್ಗದವರು ಕುಣಿಯುವುದು ನೋಡಿದರೆ ನಗು ಬರುತ್ತದೆ. ಭದ್ರಾ ನೀರು ತಿರುಗಿಸಿ ತುಂಬಿಸಿಕೊಂಡದ್ದು ಹೇಳಲೇ ಇಲ್ಲ.

ಕೋಟೆನಾಡು:
ಮಳೆ ಸುರಿದದ್ದು ನಿಮಗೆ ಕಾಣಲಿಲ್ಲ ಅಂತ ಕಾಣುತ್ತದೆ. ನಿಮ್ಮ ದಾವಣಗೆರೆ, ಹರಿಹರ ಎರಡೂ 1997ರ ತನಕ ನಮ್ಮ ಚಿತ್ರದುರ್ಗ ಜಿಲ್ಲೆಯೊಳಗಿದ್ದವು. ನೀರು ಯಾರದು ಅಂತ ನಮಗೆ ಪಾಠ ಬೇಡ.

ಹೊಳೆದಂಡೆ:
ಆ ಹುಡುಗ ಕೇಳಿದ್ದು ಎಲ್ಲಿ ಹುಟ್ಟು ಹಾಕಬೇಕು ಅಂತ. ಕೆರೆ ದೊಡ್ಡದಾದಷ್ಟೂ ಗಾಳಿ ಓಡಲು ಜಾಗ ಜಾಸ್ತಿ, ಅಲೆಯೂ ದೊಡ್ಡದು. ಬೆಳಗ್ಗೆ ಕನ್ನಡಿ ಹಾಗಿರುವ ನೀರು ಮಧ್ಯಾಹ್ನಕ್ಕೆ ಬೇರೆಯೇ ಆಗಿರುತ್ತದೆ. ಗಾಳಿ ತುಂಬಿದ ಕಯಾಕ್ ಹಗುರ, ನೀರಿನ ಮೇಲೆ ಎತ್ತರಕ್ಕೆ ಕೂತಿರುತ್ತದೆ, ಗಾಳಿ ಎತ್ತ ಬೀಸಿದರೆ ಅತ್ತ ಹೋಗುತ್ತದೆ. ದಡದಿಂದ ಒಳಕ್ಕೆ ಬೀಸುವ ಗಾಳಿ ಇನ್ನೂ ಕೆಟ್ಟದ್ದು. ದಡದ ಹತ್ತಿರ ಏನೂ ಗೊತ್ತಾಗುವುದಿಲ್ಲ, ನಡುವಿಗೆ ಹೋದ ಮೇಲೆ ವಾಪಸು ಬರಲು ಆಗುವುದಿಲ್ಲ. ಸೂಳೆಕೆರೆ ಆಗಲಿ ಮಾರಿಕಣಿವೆ ಆಗಲಿ, ದಡಕ್ಕೆ ಅಂಟಿಕೊಂಡೇ ಹೋಗಿ. ಬೆಳಗ್ಗೆ ಗಾಳಿಗೆ ಎದುರಾಗಿ ಹೊರಡಿ, ದಣಿದಾಗ ಗಾಳಿಯೇ ತಳ್ಳಿಕೊಂಡು ಬರಲಿ. ಹತ್ತು ಗಂಟೆಗೆಲ್ಲಾ ಮುಗಿಸಿ.

ಚನ್ನಗಿರಿ ಗತ್ತು:
ನೋಡಿದಿರಾ, ‘ಕೆರೆ ದೊಡ್ಡದು’ ಅಂತ ಹೊನ್ನಾಳಿಯವರೇ ಒಪ್ಪಿದರು.

ಲೆಕ್ಕದ ಮೇಷ್ಟ್ರು:
ದೊಡ್ಡದು ಅಂದರು. ಎರಡನೆಯದು ಅನ್ನಲಿಲ್ಲ.

ಹರಿಹರ ಎಕ್ಸ್‌ಪ್ರೆಸ್:
ಗಾಳಿಯೇ ಸಮಸ್ಯೆ ಅಂದರೆ ಭದ್ರಾ ಚಾನಲ್ ಇದೆಯಲ್ಲಾ. ಎರಡೂ ಕಡೆ ಏರಿ, ಗಾಳಿ ತಾಗುವುದಿಲ್ಲ. ಬಂಡೆ ಇಲ್ಲ, ಮರಳು ಗುಂಡಿ ಇಲ್ಲ, ಏರಿ ಮೇಲೆ ಗಾಡಿ ಓಡಿಸಿಕೊಂಡು ಜೊತೆಗೇ ಬರಬಹುದು. ನೀರು ತಾನಾಗಿಯೇ ತಳ್ಳಿಕೊಂಡು ಹೋಗುತ್ತದೆ.

ಹೊಳೆದಂಡೆ:
ದಯವಿಟ್ಟು ಈ ಸಲಹೆ ಅಳಿಸಿ. ನೀರು ಬಿಟ್ಟಾಗ ಚಾನಲ್ ಹೊಳೆಗಿಂತ ಜೋರಾಗಿ ಓಡುತ್ತದೆ. ಸಿಮೆಂಟ್ ಬದಿ, ಪಾಚಿ, ಕೈ ಹಿಡಿಯಲು ಏನೂ ಇಲ್ಲ. ಬಿದ್ದವನು ದಡದಿಂದ ಕೈಯಳತೆಯಲ್ಲೇ ಇದ್ದರೂ ಹತ್ತಲು ಆಗುವುದಿಲ್ಲ. ಸೈಫನ್ ಇರುವ ಕಡೆ ನೀರು ನೆಲದ ಕೆಳಗೆ ನುಗ್ಗುತ್ತದೆ. ಅಲ್ಲಿಗೆ ಹೋದ ದೋಣಿ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾ?

ಹರಿಹರ ಎಕ್ಸ್‌ಪ್ರೆಸ್:
‘ಅಳಿಸಿ’ ಅನ್ನಲು ನೀವ್ಯಾರು? ಎಲ್ಲದಕ್ಕೂ ಸಾವು ಸಾವು. ನನಗೆ ಎಲ್ಲಾ ಚಾನಲ್ ಗೊತ್ತು, ನಮ್ಮ ಗದ್ದೆ ಇರುವುದೇ ಚಾನಲ್ ಕೆಳಗೆ. ಕಂಪ್ಯೂಟರ್ ಮುಂದೆ ಕೂತು ಹೊಳೆ ಬಗ್ಗೆ ಪುರಾಣ ಓದುವವರ ಮಾತು ಕೇಳಿದರೆ ಸ್ನಾನದ ಬಕೆಟ್ಟಿಗೂ ಜಾಕೆಟ್ ಹಾಕಬೇಕಾಗುತ್ತದೆ!!

ಕೋಟೆನಾಡು:
ಎಕ್ಸ್‌ಪ್ರೆಸ್ ಅಣ್ಣಾ, ಗದ್ದೆಗೆ ನೀರು ಕಟ್ಟುವುದು ಬೇರೆ, ಚಾನಲ್‌ನಲ್ಲಿ ತೇಲುವುದು ಬೇರೆ. ನೀವು ಯಾವತ್ತಾದರೂ ಕಯಾಕ್‌ನಲ್ಲಿ ಕೂತಿದ್ದೀರಾ?

ಹರಿಹರ ಎಕ್ಸ್‌ಪ್ರೆಸ್:
ತೆಪ್ಪದಲ್ಲಿ ಕೂತಿದ್ದೇನೆ. ಎರಡೂ ಒಂದೇ.

ಹೊಳೆದಂಡೆ:
ಒಂದೇ ಅಲ್ಲ. ತೆಪ್ಪ ದುಂಡಗೆ ಇರುವುದರಿಂದ ಗಿರಕಿ ಹೊಡೆಯುತ್ತದೆ, ನೇರ ಹೋಗಬೇಕಾದರೆ ಅಂಬಿಗನ ಕೈಚಳಕ ಬೇಕು. ಕಯಾಕ್ ಉದ್ದ, ಎರಡೂ ತುದಿಗೆ ಅಲಗಿರುವ ಹುಟ್ಟು.

ವಿದ್ಯಾನಗರದ ಹುಡುಗ:
ಸರ್, ಒಂದು ಕೇಳಬೇಕಿತ್ತು. ಅಂಗಡಿಯಲ್ಲಿ 50 ನ್ಯೂಟನ್, 100 ನ್ಯೂಟನ್ ಅಂತ ಎರಡು ತರದ ಜಾಕೆಟ್ ಇವೆ. ಯಾವುದು ತಗೊಳ್ಳಲಿ? ಮೊಸಳೆ ಇದೆ ಅಂತಲೂ ಒಬ್ಬರು ಹೆದರಿಸಿದರು.

ಹೊಳೆದಂಡೆ:
ನ್ಯೂಟನ್ ಅಂದರೆ ಜಾಕೆಟ್ ನಿಮ್ಮನ್ನು ಮೇಲಕ್ಕೆತ್ತುವ ಬಲ. 50 ಈಜು ಬರುವವರಿಗೆ, ತೇಲಲು ಸಹಾಯ ಮಾಡುತ್ತದೆ ಅಷ್ಟೇ. ಈಜು ಬಾರದ ಇಬ್ಬರಿಗೆ 100 ತನ್ನಿ, ಕುತ್ತಿಗೆ ಹಿಂದೆ ದಿಂಬು ಇರುವುದು. ಅದು ಮುಖ ಮೇಲಕ್ಕೆ ಇರುವಂತೆ ತಿರುಗಿಸಲು ಮಾಡಿದ್ದು. ಹಾಕಿಕೊಂಡ ಮೇಲೆ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆಯಿರಿ. ಕಿವಿ ತನಕ ಬಂದರೆ ಸಡಿಲ ಅಂತ ಅರ್ಥ. ಹೊರಡುವ ಮೊದಲು ಗೊತ್ತಿರುವ ಸೊಂಟದ ನೀರಿನಲ್ಲಿ ಬೇಕಂತಲೇ ದೋಣಿ ಮಗುಚಿ, ಮತ್ತೆ ಹತ್ತುವುದನ್ನು ನಾಲ್ವರೂ ಕಲಿಯಿರಿ. ಇದು ಬಾರದಿದ್ದರೆ ಹೊರಡಲೇ ಬೇಡಿ.

ತುಂಗಭದ್ರೆಯಲ್ಲಿ ಮೊಸಳೆ ಇರುವುದು ನಿಜ. ಬಿಸಿಲು ಕಾಯಿಸುತ್ತಾ ಮಲಗುವ ಮರಳ ದಿಬ್ಬ, ಬಂಡೆಗಳಿಂದ ದೂರ ಹೋಗಿ, ಅಲ್ಲಿ ಊಟಕ್ಕೆ ಇಳಿಯಬೇಡಿ. ಆದರೆ ನಾನು ಜಾಸ್ತಿ ಹೆದರುವುದು ಹೊಳೆಗೆ ಅಡ್ಡ ಕಟ್ಟಿದ ಒಡ್ಡಿಗೆ. ಮೇಲಿನಿಂದ ನೋಡಿದರೆ ಬರೀ ಒಂದು ಗೆರೆ, ಎರಡಡಿ ಇಳಿಜಾರು ಅನಿಸುತ್ತದೆ. ಕೆಳಗೆ ನೀರು ಹಿಂದಕ್ಕೆ ಸುರುಳಿ ಸುತ್ತುತ್ತಿರುತ್ತದೆ, ಬಿದ್ದದ್ದನ್ನು ಮತ್ತೆ ಮತ್ತೆ ಒಳಗೇ ಎಳೆಯುತ್ತದೆ. ಒಡ್ಡು ಕಂಡರೆ ದೂರದಲ್ಲೇ ದಡ ಹತ್ತಿ, ದೋಣಿ ಹೊತ್ತುಕೊಂಡು ದಾಟಿ. ರಾಜನಹಳ್ಳಿಯಲ್ಲಿ ದಾವಣಗೆರೆಗೆ ನೀರೆತ್ತುವ ಜಾಕ್‌ವೆಲ್ ಹತ್ತಿರವೂ ಸುಳಿಯಬೇಡಿ.

ಹರಿಹರ ಎಕ್ಸ್‌ಪ್ರೆಸ್:
‘ಹೊರಡಲೇ ಬೇಡಿ’. ಕೊನೆಗೂ ಮನಸ್ಸಿನಲ್ಲಿದ್ದದ್ದು ಬಾಯಿಗೆ ಬಂತು.

ಕೋಟೆನಾಡು:
ಅಮಾವಾಸ್ಯೆ ದಿನ ಹೊಳೆ ದಂಡೆಯ ಕ್ಷೇತ್ರ ಉಕ್ಕಡಗಾತ್ರಿ ಕಡೆ ಬೇಡ. ಜನಜಾತ್ರೆ. ಸ್ನಾನ ಮಾಡಿ ಬಟ್ಟೆಯನ್ನೂ ಹೊಳೆಗೇ ಬಿಡುತ್ತಾರೆ, ಹುಟ್ಟಿಗೆ ಸುತ್ತಿಕೊಳ್ಳುತ್ತದೆ. ಇದಕ್ಕೇ ಹೇಳಿದ್ದು, ಮಾರಿಕಣಿವೆಗೆ ಬನ್ನಿ ಅಂತ.

ಲೆಕ್ಕದ ಮೇಷ್ಟ್ರು:
ಹೊಳೆಗೆ ಹೋಗುವುದಾದರೆ ಪೇಪರಿನಲ್ಲಿ ಡ್ಯಾಂ ಹೊರಹರಿವು ನೋಡಿ ಹೊರಡಿ. ಭದ್ರಾ 71.5 ಟಿಎಂಸಿ, ತಡೆದು ಇಟ್ಟುಕೊಳ್ಳುತ್ತದೆ. ಗಾಜನೂರಿನ ತುಂಗಾ ಬರೀ 3.24. ಮಲೆನಾಡಿನಲ್ಲಿ ಮಳೆ ಹೊಡೆದರೆ ಬಂದದ್ದೆಲ್ಲಾ ಕೆಳಗೆ ಬರುತ್ತದೆ, ನಿಮ್ಮ ತಲೆ ಮೇಲೆ ಬಿಸಿಲಿದ್ದರೂ. ಇನ್ನು ಚನ್ನಗಿರಿಯವರು ಇನ್ನೂ ಉತ್ತರ ಕೊಟ್ಟಿಲ್ಲ. ಡ್ಯಾಂ ಬೇಡ, ಕೆರೆಗಳನ್ನೇ ಎಣಿಸೋಣ ಅಂದರೆ ಆಂಧ್ರದ ಕಂಬಂ ಕೆರೆ ಇದೆ. ಅದೂ ಗುಡ್ಡದ ಮಧ್ಯೆ ಏರಿ ಹಾಕಿ ಕಟ್ಟಿದ್ದೇ. 2020ರಲ್ಲಿ ವಿಶ್ವ ನೀರಾವರಿ ಪರಂಪರೆ ಪಟ್ಟಿಗೂ ಸೇರಿತು.

ಚನ್ನಗಿರಿ ಗತ್ತು:
‘ಪಟ್ಟಿಗೆ ಸೇರಿತು’. ಪಟ್ಟಿಗೆ ಅರ್ಜಿ ಹಾಕಿದವರು ಸೇರುತ್ತಾರೆ, ಅದರಲ್ಲಿ ಏನು ದೊಡ್ಡಸ್ತಿಕೆ? ನಮ್ಮ ಕೆರೆ ಒತ್ತುವರಿ ತೆಗೆದು, ಹೂಳು ತೆಗೆದು ಅಳೆಯಿರಿ, ಆಮೇಲೆ ಮಾತಾಡೋಣ.

ಲೆಕ್ಕದ ಮೇಷ್ಟ್ರು:
ಅಂದರೆ ಈಗ ಎರಡನೆಯದಲ್ಲ, ಹೂಳು ತೆಗೆದ ಮೇಲೆ ಆಗುತ್ತದೆ.

ಚನ್ನಗಿರಿ ಗತ್ತು:
ನನ್ನ ಬಾಯಿಗೆ ಮಾತು ತುರುಕಬೇಡಿ ಮೇಷ್ಟ್ರೇ. ಜೈಸಮಂದ್, ಕಂಬಂ ಅಂತ ಹೇಳುತ್ತಿದ್ದೀರಲ್ಲಾ, ಒಂದನ್ನಾದರೂ ಕಣ್ಣಾರೆ ನೋಡಿದ್ದೀರಾ?

ಲೆಕ್ಕದ ಮೇಷ್ಟ್ರು:
ನೀವು ನೋಡಿದ್ದೀರಾ?

ಚನ್ನಗಿರಿ ಗತ್ತು:
ಈಗ ತಾನೇ ಗೂಗಲ್ ಮ್ಯಾಪ್‌ನಲ್ಲಿ ನೋಡಿದೆ. ಚಿಕ್ಕದಾಗಿಯೇ ಕಾಣುತ್ತದೆ.