ಪುರಸಭೆಯ ಲೆಕ್ಕಪತ್ರ ಓದಬಲ್ಲವರ ಸಹಾಯ ಬೇಕು

ಗುಂಪಿನ ಎಲ್ಲರಿಗೂ ನಮಸ್ಕಾರ. ನಮ್ಮ ಊರಿನಲ್ಲಿ ಕುಡಿಯುವ ನೀರು ವಾರಕ್ಕೊಮ್ಮೆ ಬಂದರೆ ಹೆಚ್ಚು. ಆದರೂ ಕೊಳವೆ ಮಾರ್ಗದ ದುರಸ್ತಿಗೆಂದು ಪುರಸಭೆಯ ಆಯವ್ಯಯದಲ್ಲಿ ಪ್ರತಿ ವರ್ಷವೂ ಹಣ ಇಡಲಾಗುತ್ತಿದೆ. ಕೇಂದ್ರದ ತೆರಿಗೆ ಹಣದ ಹಂಚಿಕೆಯನ್ನು ಶಿಫಾರಸು ಮಾಡುವ ಹಣಕಾಸು ಆಯೋಗಗಳ ಪೈಕಿ 15ನೆಯದರ ಅನುದಾನದ (2020–26ರ ಅವಧಿ) ದೊಡ್ಡ ಪಾಲನ್ನು ನೀರು ಮತ್ತು ನೈರ್ಮಲ್ಯಕ್ಕೇ ಬಳಸಬೇಕೆಂಬ ಷರತ್ತು ಇದ್ದುದರಿಂದ, ಆ ಹಣ ಯಾವ ವಾರ್ಡಿನ ಯಾವ ಕಾಮಗಾರಿಗೆ ಹೋಯಿತೆಂದು ಕೇಳುವುದು ತೆರಿಗೆ ಕಟ್ಟುವ ನಿವಾಸಿಯ ಸಹಜ ಹಕ್ಕು ಎಂದು ನಾನು ದೃಢವಾಗಿ ನಂಬಿದ್ದೇನೆ.

ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಅರ್ಜಿ ಸಲ್ಲಿಸಿದಾಗ ಒಟ್ಟು ಮೊತ್ತಗಳನ್ನಷ್ಟೇ ಕೊಟ್ಟರು; ಕಾರ್ಯಾದೇಶ, ಬಿಲ್ಲು, ಅಳತೆ ಪುಸ್ತಕದ (ಮುಗಿದ ಕೆಲಸದ ಅಳತೆ ಬರೆದಿಡುವ ವಹಿ) ಪ್ರತಿಗಳ ಬಗ್ಗೆ ಉತ್ತರದಲ್ಲಿ ಒಂದು ಮಾತೂ ಇಲ್ಲ. ಉತ್ತರ ಕೈಸೇರಿದ 30 ದಿನಗಳೊಳಗೆ 19(1)ನೇ ಪ್ರಕರಣದಂತೆ ಮೊದಲ ಮೇಲ್ಮನವಿ ಸಲ್ಲಿಸಬೇಕಾಗಿರುವುದರಿಂದ ಇದು ತುರ್ತಿನ ವಿಷಯ. ಇಂಥ ಮೇಲ್ಮನವಿ ಬರೆದ ಅನುಭವವಿರುವವರು ಕರಡನ್ನು ನೋಡಿಕೊಡಬೇಕೆಂದು ವಿನಂತಿ. 2(ಜೆ) ಪ್ರಕರಣವು ಕಾಮಗಾರಿ ಮತ್ತು ದಾಖಲೆಗಳನ್ನು ಖುದ್ದಾಗಿ ಪರಿಶೀಲಿಸುವ ಹಕ್ಕನ್ನೂ ಕೊಡುತ್ತದೆ. ಅದನ್ನು ಬಳಸಿದವರು ಕಚೇರಿಯಲ್ಲಿ ಯಾವ ವಹಿಯನ್ನು ಮೊದಲು ಕೇಳಿದಿರಿ ಎಂದು ತಿಳಿಸಿದರೆ ಬಹಳ ಉಪಕಾರವಾಗುತ್ತದೆ.

ಇದಲ್ಲದೆ, ಪುರಸಭೆಯ ಲೆಕ್ಕಗಳು ಜಮಾ-ಖರ್ಚಿನ ಸರಳ ಪಟ್ಟಿಯಾಗಿರದೆ ದ್ವಿನಮೂದು ಪದ್ಧತಿಯಲ್ಲಿವೆ, ಅಂದರೆ ಪ್ರತಿ ವ್ಯವಹಾರವನ್ನೂ ಎರಡು ಖಾತೆಗಳಲ್ಲಿ ಬರೆಯುತ್ತಾರೆ. ಬಾಕಿ ಹೊಣೆಗಾರಿಕೆ (ಇನ್ನೂ ಪಾವತಿಸಬೇಕಾದ ಹಣ), ಬಳಕೆಯಾಗದ ಅನುದಾನ ಮುಂತಾದ ಶೀರ್ಷಿಕೆಗಳನ್ನು ಲೆಕ್ಕಪರಿಶೋಧನಾ ವರದಿಯ ಆಕ್ಷೇಪಣೆಗಳೊಂದಿಗೆ ತಾಳೆ ನೋಡಲು ಲೆಕ್ಕಶಾಸ್ತ್ರ ಬಲ್ಲವರೊಬ್ಬರು ಒಂದು ಸಂಜೆ ಬಿಡುವು ಮಾಡಿಕೊಳ್ಳಲು ಸಾಧ್ಯವೇ? ಯಾರ ಮೇಲೂ ಆರೋಪ ಹೊರಿಸುವುದು ನನ್ನ ಉದ್ದೇಶವಲ್ಲ, ದಾಖಲೆ ನೋಡದೆ ಹಾಗೆ ಮಾಡುವುದು ನ್ಯಾಯವೂ ಅಲ್ಲ. ಸಹಾಯ ಮಾಡಬಲ್ಲವರು ಇಲ್ಲಿಯೇ ಉತ್ತರಿಸಿದರೆ ನನ್ನ ಬಳಿ ಇರುವ ಎಲ್ಲ ಪುಟಗಳನ್ನು ಕಳುಹಿಸಿಕೊಡುತ್ತೇನೆ.