ಬ್ಯಾಂಕಿನ ನೋಟಿಸ್ ಬಂದು 12 ದಿನ ಆಯಿತು, ಮನೆ ಉಳಿಸಿಕೊಳ್ಳೋದು ಹೇಗೆ?

ಪ್ರಶ್ನೆ (ವಡಗಾವಿ, ಬೆಳಗಾವಿ): ನಮಸ್ಕಾರ ವಕೀಲ ಸಾಹೇಬ್ರೇ. ನಾವು ನೇಕಾರರು. ನಾಲ್ಕು ಮಗ್ಗ ಇವೆ, ಅದರಲ್ಲಿ ಎರಡು ನಿಂತು ಏಳು ತಿಂಗಳಾಯಿತು. 2021ರಲ್ಲಿ ಮನೆ ಕಟ್ಟಲು ಬ್ಯಾಂಕಿನಿಂದ 18 ಲಕ್ಷ ಸಾಲ ತೆಗೆದೆ. ಕಂತು ಮೊದಲು 14 ಸಾವಿರ ಇತ್ತು, ಬಡ್ಡಿ ಏರಿ 16,500 ಆಯಿತು. ನಾಲ್ಕು ಕಂತು ಕಟ್ಟಲು ಆಗಿಲ್ಲ. ಈಗ 60 ದಿನದಲ್ಲಿ ಪೂರ್ತಿ ಸಾಲ ಕಟ್ಟಿ ಅಂತ ನೋಟಿಸ್ ಬಂದಿದೆ. ಬಾಕಿ ಇರೋದು 66 ಸಾವಿರ, ಕೇಳೋದು 17 ಲಕ್ಷ. ಇದು ಯಾವ ನ್ಯಾಯ ರೀ? ಅವ್ವ ಸರಿಯಾಗಿ ಊಟ ಮಾಡುತ್ತಿಲ್ಲ. 60 ದಿನ ಆದ ಕೂಡಲೇ ಬಂದು ಕೀಲಿ ಹಾಕುತ್ತಾರಾ? ಒಬ್ಬರು ಕೋರ್ಟಿನಿಂದ ಸ್ಟೇ ತರುತ್ತೇನೆ, 40 ಸಾವಿರ ಕೊಡು ಅನ್ನುತ್ತಿದ್ದಾರೆ.

ಉತ್ತರ (ವಕೀಲರು): ಮೊದಲು ಅವ್ವನಿಗೆ ಹೇಳಿ, 61ನೇ ದಿನ ಯಾರೂ ಪಾತ್ರೆ ಪಗಡ ಹೊರಗೆ ಎಸೆಯುವುದಿಲ್ಲ. ಊಟ ಮಾಡಲಿ.

ಈ ನೋಟಿಸ್ 2002ರ ಸರ್ಫೇಸಿ ಕಾಯ್ದೆಯ, ಅಂದರೆ ಕೋರ್ಟಿಗೆ ಹೋಗದೆಯೇ ಅಡವಿಟ್ಟ ಆಸ್ತಿಯಿಂದ ಸಾಲ ವಸೂಲಿ ಮಾಡಲು ಬ್ಯಾಂಕಿಗೆ ಅಧಿಕಾರ ಕೊಡುವ ಕಾಯ್ದೆಯ, 13(2)ನೇ ಕಲಮಿನದು. ಕಂತು 90 ದಿನಕ್ಕಿಂತ ಜಾಸ್ತಿ ನಿಂತರೆ ಖಾತೆ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ ಆಗುತ್ತದೆ. ಆಮೇಲೆ ಬ್ಯಾಂಕು ಕಂತಿನ ಬಾಕಿ ಕೇಳುವುದಿಲ್ಲ, ಇಡೀ ಸಾಲ ವಾಪಸ್ ಕೇಳುತ್ತದೆ. ನ್ಯಾಯವೋ ಅನ್ಯಾಯವೋ, ನೀವು ಸಹಿ ಹಾಕಿದ ಪತ್ರದಲ್ಲೇ ಅದು ಇರುತ್ತದೆ. ಅದನ್ನು ಯಾರು ಓದುತ್ತಾರೆ ಹೇಳಿ, ನಾನೂ ನನ್ನ ಮನೆ ಸಾಲದ ಪತ್ರ ಪೂರ್ತಿ ಓದಿರಲಿಲ್ಲ.

60 ದಿನ ಎಣಿಸುವುದು ನೋಟಿಸಿನ ಮೇಲಿರುವ ತಾರೀಖಿನಿಂದ, ಅಂಚೆಯವರು ಕೊಟ್ಟ ದಿನದಿಂದ ಅಲ್ಲ. ಅದು ಮುಗಿದ ಮೇಲೆ ಬ್ಯಾಂಕಿನವರು ಬಾಗಿಲಿಗೆ ಸ್ವಾಧೀನದ ನೋಟಿಸ್ ಅಂಟಿಸುತ್ತಾರೆ, ಎರಡು ಪತ್ರಿಕೆಯಲ್ಲಿ ಹಾಕಿಸುತ್ತಾರೆ. ಹೆಚ್ಚಾಗಿ ಇದು ಕಾಗದದ ಮೇಲಿನ ಸ್ವಾಧೀನ, ನೀವು ಮನೆಯಲ್ಲೇ ಇರುತ್ತೀರಿ. ನೀವಾಗಿ ಬಿಡದಿದ್ದರೆ, ಖರೇ ಖರೇ ಮನೆ ಖಾಲಿ ಮಾಡಿಸಲು ಅವರು 14ನೇ ಕಲಮಿನಡಿ ಜಿಲ್ಲಾಧಿಕಾರಿ ಹತ್ತಿರ ಹೋಗುತ್ತಾರೆ. ಲಿಲಾವಿಗೆ, ಅಂದರೆ ಹರಾಜಿಗೆ, ಮತ್ತೆ 30 ದಿನದ ನೋಟಿಸ್ ಬೇಕು.

ಹಂಗಂತ ಆರಾಮ ಕೂತರೆ ಕೆಟ್ಟಿರಿ. 2016ರಲ್ಲಿ ಕಾಯ್ದೆ ತಿದ್ದಿದ್ದಾರೆ. ಮೊದಲು ಮಾರಾಟ ಮುಗಿಯುವ ತನಕ ದುಡ್ಡು ಕಟ್ಟಿ ಮನೆ ಬಿಡಿಸಿಕೊಳ್ಳಬಹುದಿತ್ತು. ಈಗ ಲಿಲಾವಿನ ನೋಟಿಸ್ ಪತ್ರಿಕೆಯಲ್ಲಿ ಬಂತೆಂದರೆ ಆ ಹಕ್ಕು ಮುಗಿಯಿತು. 2023ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿದಿದೆ. ಲಿಲಾವಿನ ಹಿಂದಿನ ದಿನ ಚೀಲದಲ್ಲಿ ರೊಕ್ಕ ತುಂಬಿಕೊಂಡು ಓಡಿ ಬರುವವರನ್ನು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ, ಆದರೆ ಏನೂ ಮಾಡಲು ಬರುವುದಿಲ್ಲ.

ಸ್ಟೇ ವಿಚಾರ. ಈ ಕಾಯ್ದೆಯ ವ್ಯವಹಾರಕ್ಕೆ ಸಿವಿಲ್ ಕೋರ್ಟ್ ಕೈ ಹಾಕುವಂತಿಲ್ಲ, 34ನೇ ಕಲಮು ಬಾಗಿಲು ಮುಚ್ಚಿದೆ. ದೂರು ಹೋಗಬೇಕಾದದ್ದು ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅಂದರೆ ಡಿಆರ್‌ಟಿಗೆ. ಅದೂ ಸ್ವಾಧೀನದ ಕ್ರಮ ಆದ ಮೇಲೆ, 45 ದಿನದೊಳಗೆ. ಈಗ ಬಂದಿರುವ ನೋಟಿಸಿನ ಮೇಲೆ ಅಲ್ಲಿಗೂ ಹೋಗಲಾಗದು. ಆ 40 ಸಾವಿರ ಅವರಿಗೆ ಕೊಡಬೇಡಿ, ನಿಮ್ಮ ಖಾತೆಗೆ ಕಟ್ಟಿ.

ಈಗ ಮಾಡಬೇಕಾದದ್ದು ಪತ್ರ ಬರೆಯುವುದು. ಮಗ್ಗ ನಿಂತದ್ದು, ಬಾಕಿ ಹೇಗೆ ತೀರಿಸುತ್ತೀರಿ, ಕಂತು ಇಳಿಸಿ ಅವಧಿ ಹೆಚ್ಚಿಸಿ ಅಂತ ಕೇಳುವುದು, ಎಲ್ಲ ಬರೆಯಿರಿ. ನೋಟಿಸಿಗೆ ಆಕ್ಷೇಪಣೆ ಕೊಟ್ಟರೆ ಬ್ಯಾಂಕು ಅದನ್ನು ಪರಿಶೀಲಿಸಲೇಬೇಕು. ಒಪ್ಪದಿದ್ದರೆ 15 ದಿನದಲ್ಲಿ ಕಾರಣ ತಿಳಿಸಬೇಕು. ನಕಲಿನ ಮೇಲೆ ಬ್ಯಾಂಕಿನ ಸಿಕ್ಕಾ ಹಾಕಿಸಿಕೊಳ್ಳುವುದು ಮರೆಯಬೇಡಿ. ಮ್ಯಾನೇಜರ್ ಬಾಯಿಮಾತಿನಲ್ಲಿ "ನೋಡೋಣ" ಅಂದದ್ದು ಮುಂದೆ ಎಲ್ಲೂ ಲೆಕ್ಕಕ್ಕೆ ಬರುವುದಿಲ್ಲ.

ಇನ್ನೊಂದು. ನಿಮ್ಮ ಬಡ್ಡಿ ರೆಪೊ ದರಕ್ಕೆ, ಅಂದರೆ ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ದರಕ್ಕೆ, ಕಟ್ಟಿದ್ದಾ ಕೇಳಿ. 2022ರ ಮೇಯಿಂದ 2023ರ ಫೆಬ್ರುವರಿ ತನಕ ರೆಪೊ ಶೇಕಡಾ 4ರಿಂದ 6.5ಕ್ಕೆ ಏರಿತು, ನಿಮ್ಮ ಕಂತು ಏರಿದ್ದು ಅದರಿಂದಲೇ ಇರಬೇಕು. 2025ರ ಫೆಬ್ರುವರಿಯಿಂದ ಜೂನ್ ಒಳಗೆ ಅದು 5.5ಕ್ಕೆ ಇಳಿಯಿತು. ಏರಿದಾಗ ತಕ್ಷಣ ಏರಿಸಿದವರು ಇಳಿದಾಗ ಇಳಿಸಿದ್ದಾರಾ, ಲೆಕ್ಕ ಕೇಳಿ ಪಡೆಯಿರಿ.

ಮರುಪ್ರಶ್ನೆ (ವಡಗಾವಿ): ಸರ್, ಎರಡು ಕಂತು ಕಟ್ಟಿದರೆ ಸದ್ಯಕ್ಕೆ ಸುಮ್ಮನಾಗುತ್ತಾರಾ? ಕೈಗಡ ಸಿಗುತ್ತದೆ, ತಿಂಗಳಿಗೆ ನೂರಕ್ಕೆ ಐದು.

ಉತ್ತರ: ಎರಡು ಕಂತಿಗೆ ಎನ್‌ಪಿಎ ಹೋಗುವುದಿಲ್ಲ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಅಸಲು, ಬಡ್ಡಿಯ ಬಾಕಿ ಪೂರ್ತಿ ತೀರಿದರೇನೇ ಖಾತೆ ಮೊದಲಿನಂತೆ ಆಗುವುದು. ನೂರಕ್ಕೆ ಐದು ಅಂದರೆ ವರ್ಷಕ್ಕೆ 60. 66 ಸಾವಿರಕ್ಕೆ ತಿಂಗಳಿಗೆ 3,300 ಬರೀ ಬಡ್ಡಿ. ಅದರ ಬದಲು ಮನೆಯಲ್ಲಿ ಬಂಗಾರ ಇದ್ದರೆ ಅಡ ಇಡಿ. ನೇಕಾರರಿಗೆ ಮಗ್ಗ ಮಾರಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ಆದರೂ ಏಳು ತಿಂಗಳಿಂದ ನಿಂತ ಮಗ್ಗದ ಬಗ್ಗೆ ಒಮ್ಮೆ ಯೋಚಿಸಿ.

ಪ್ರಶ್ನೆ (ವಿಜಯಪುರ): 2008ರಲ್ಲಿ ಅಮೆರಿಕದಲ್ಲಿ ಜನ ಕೀಲಿಯನ್ನು ಬ್ಯಾಂಕಿಗೆ ಕಳಿಸಿ ಮನೆ ಬಿಟ್ಟು ಹೋದರಂತೆ. ನಮ್ಮಲ್ಲೂ ಹಾಗೆ ಮಾಡಿದರೆ ಸಾಲ ಮುಗಿಯುತ್ತದಲ್ವಾ?

ಉತ್ತರ: ಇಲ್ಲ. ಆಗ ಅಲ್ಲಿ ಮನೆಯ ಬೆಲೆ ಸಾಲಕ್ಕಿಂತ ಕೆಳಗೆ ಬಿದ್ದಿತ್ತು. ಕ್ಯಾಲಿಫೋರ್ನಿಯದಂಥ ಕೆಲವು ರಾಜ್ಯಗಳಲ್ಲಿ, ಸ್ವಂತ ವಾಸದ ಮನೆ ಕೊಳ್ಳಲು ತೆಗೆದ ಸಾಲಕ್ಕೆ ಬ್ಯಾಂಕು ಮನೆ ಬಿಟ್ಟು ಬೇರೆ ಆಸ್ತಿಗೆ ಕೈ ಹಾಕುವಂತಿಲ್ಲ. ಅದಕ್ಕೇ ಕೀಲಿ ಕೊಟ್ಟು ನಡೆದರು. ನಮ್ಮಲ್ಲಿ ಲಿಲಾವಿನಲ್ಲಿ ಕಡಿಮೆ ಬಂದರೆ ಉಳಿದದ್ದಕ್ಕೆ ನಿಮ್ಮ ಬೆನ್ನು ಬೀಳುತ್ತಾರೆ, ಜಾಮೀನುದಾರರನ್ನೂ ಬಿಡುವುದಿಲ್ಲ. ಜಾಸ್ತಿ ಬಂದರೆ ಖರ್ಚು ಕಳೆದು ಮಿಕ್ಕಿದ್ದು ನಿಮಗೆ ಸೇರಬೇಕು. ಮನೆ ಉಳಿಸಿಕೊಳ್ಳಲು ಆಗುವುದೇ ಇಲ್ಲ ಅನ್ನಿಸಿದರೆ, ಬ್ಯಾಂಕಿನ ಒಪ್ಪಿಗೆ ಪಡೆದು ನೀವೇ ಗಿರಾಕಿ ಹುಡುಕಿ ಮಾರಿ. ಲಿಲಾವಿಗಿಂತ ಒಳ್ಳೆಯ ಬೆಲೆ ಬರುತ್ತದೆ.

ಪ್ರಶ್ನೆ (ಜಮಖಂಡಿ): ನಮ್ಮದು ಸೌಹಾರ್ದ ಸೊಸಾಯಿಟಿ ಸಾಲ. ಅವರೂ ಹೀಗೇ ಮನೆ ಹಿಡಿಯಬಹುದಾ?

ಉತ್ತರ: ಸಹಕಾರಿ ಬ್ಯಾಂಕ್ ಆಗಿದ್ದರೆ ಹೌದು, 2020ರಲ್ಲಿ ಸುಪ್ರೀಂ ಕೋರ್ಟ್ ಸರ್ಫೇಸಿ ಅವರಿಗೂ ಅನ್ವಯ ಅಂದಿದೆ. ಬರೀ ಪತ್ತಿನ ಸೊಸಾಯಿಟಿಗೆ ಈ ಅಧಿಕಾರ ಇಲ್ಲ. ಅವರು ಸಹಕಾರ ಕಾಯ್ದೆಯಡಿ ದಾವೆ ಹಾಕಿ ಆದೇಶ ತರಬೇಕು. ಪಾಸ್‌ಬುಕ್ಕಿನ ಮೇಲೆ ಪೂರ್ತಿ ಹೆಸರು ಏನಿದೆ ನೋಡಿ ತಿಳಿಸಿ.

ಮರುಪ್ರಶ್ನೆ (ವಡಗಾವಿ): ಸರ್, ಇವತ್ತು ಪತ್ರ ಕೊಟ್ಟೆ, ಸಿಕ್ಕಾ ಹಾಕಿಸಿದೆ. ಒಂದು ಮಗ್ಗಕ್ಕೆ ಗಿರಾಕಿ ಸಿಕ್ಕಿದ್ದಾರೆ. ಅವ್ವನಿಗೆ ಇನ್ನೂ ಹೇಳಿಲ್ಲ.